ಬೈಗುಳ ಸಾಕಣೆ

ನಮ್ಮ ಮನೆಯಲ್ಲಿ ಕೋತಿ ಓಡಿಸುವ ಖಾತೆ ದೊಡ್ಡಮ್ಮನದು. ಯಾರೂ ವಹಿಸಿಕೊಟ್ಟಿದ್ದಲ್ಲ, ತಾನೇ ವಹಿಸಿಕೊಂಡದ್ದು. ನನ್ನ ಅಮ್ಮನ ಅಕ್ಕ ಅವಳು. ಗಂಡ ತೀರಿಕೊಂಡ ಮೇಲೆ, ನನ್ನ ಹೆಂಡತಿಯ ಬಾಣಂತನಕ್ಕೆಂದು ಒಂದು ಟ್ರಂಕು ಹಿಡಿದುಕೊಂಡು ಕೆ. ಹೊಸಕೋಟೆ ಬಸ್ಸಿನಿಂದ ಇಳಿದವಳು, ಆಗ ಹುಟ್ಟಿದ ನಮ್ಮ ಮಗಳು ಶಾಲೆಗೆ ಹೋಗುವಷ್ಟಾದರೂ ವಾಪಸು ಬಸ್ಸು ಹತ್ತಲಿಲ್ಲ. ಹತ್ತುವುದು ನಮಗೂ ಬೇಕಿರಲಿಲ್ಲ. ಆದರೆ ಒಬ್ಬರ ಮನೆಯಲ್ಲಿ ಕೂತು ತಿನ್ನುವುದೆಂದರೆ ಅವಳಿಗೆ ಮೈಯೆಲ್ಲ ಮುಳ್ಳು. ಅಡಿಗೆಮನೆ ನನ್ನ ಹೆಂಡತಿಯ ಸುಪರ್ದಿಯಲ್ಲಿತ್ತು, ಕಾಫಿ ತೋಟಕ್ಕೆ ಆಳುಗಳಿದ್ದರು. ಉಳಿದದ್ದು ಹಿತ್ತಲು. ಬಾಳೆ, ಕಿತ್ತಳೆ, ಸೀಮೆಬದನೆ ಚಪ್ಪರ, ಕೋಳಿಗೂಡು, ಮತ್ತು ಇವಿಷ್ಟೂ ತಮ್ಮ ಪಿತ್ರಾರ್ಜಿತ ಎಂದುಕೊಂಡಿರುವ ಕೋತಿಗಳ ಒಂದು ದೊಡ್ಡ ಕುಟುಂಬ.

ದೊಡ್ಡಮ್ಮನ ಕೈಯಲ್ಲಿ ಕೋಲೇನೋ ಇರುತ್ತಿತ್ತು, ಆದರೆ ಅದು ಶೋಕಿಗೆ. ಆಯುಧ ಬಾಯಿ. ಚಿಲಕ ತೆಗೆದು ಹಿತ್ತಲಿಗೆ ಕಾಲಿಟ್ಟಳೆಂದರೆ, "ನಿನ್ ಮನೆ ಹಾಳಾಗ, ನಿನ್ ಬಾಯಿಗ್ ಮಣ್ಣಾಕ, ನಿಮ್ಮಪ್ಪ ನೆಟ್ಟಿದ್ನೇನೋ ಈ ಗೊನೇನ, ಹಲ್ಕಿರಿಯೋ ಮುಂಡೇದೆ!" ಎಂದು ಶುರುವಾಗಿ, ಕೋತಿಯ ಅಜ್ಜಿಯ ನಡತೆಯವರೆಗೂ ಹೋಗುತ್ತಿತ್ತು. ಹೇಳಿದ್ದನ್ನೇ ಮತ್ತೆ ಹೇಳುವುದು ಅವಳ ಜಾಯಮಾನವಲ್ಲ. ಗಂಡು ಕೋತಿಗೆ ಬೇರೆ, ಮರಿ ಹೊತ್ತ ಕೋತಿಗೆ ಬೇರೆ. ಮರಿ ಹೊತ್ತದ್ದಕ್ಕೆ ಬೈದ ಮೇಲೆ, "ಹಸಿದಿದ್ರೆ ಕೇಳ್ಬಾರ್ದಾ?" ಎಂದು ಸೇರಿಸುವ ಮರ್ಯಾದೆಯೂ ಇತ್ತು.

ನಾನು ಮನೆಯಿಂದಲೇ ಕೆಲಸ ಮಾಡುವ ಪ್ರೋಗ್ರಾಮರ್. ನನ್ನಂಥವರಿಗೆ ಒಂದು ರೋಗವಿದೆ. ಸರಿಯಾಗಿ ನಡೆಯುತ್ತಿರುವುದನ್ನು ಕಂಡರೆ ಕೈ ತುರಿಸುತ್ತದೆ. ಹವ್ಯಾಸ ಎಂಬ ಸಭ್ಯ ಹೆಸರಿನಲ್ಲಿ ಈ ರೋಗಕ್ಕೆ ನಾನು ಸಾಕಷ್ಟು ಔಷಧಿ ಮಾಡಿದ್ದೇನೆ. ವರ್ಷದ ಅರ್ಧ ಮೋಡ ಮುಚ್ಚಿರುವ ಸಕಲೇಶಪುರ ಸೀಮೆಯಲ್ಲಿ ದೂರದರ್ಶಕ ಕೊಂಡೆ. ಮನೆ ತುಂಬ ಕಾಫಿಯಿದ್ದರೂ ಅದನ್ನು ಹುರಿಯಲು ಹಳೆಯ ವಾಷಿಂಗ್ ಮೆಷಿನ್ನಿನ ಡ್ರಮ್ಮು ಬಿಚ್ಚಿದೆ. "ನಿಮಗೆ ಒಂದು ಇಸ್ಪೀಟಿನ ಚಟ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು, ಮನೆಯಿಂದ ಹೊರಗಾದ್ರೂ ಇರ್ತಿದ್ರಿ" ಎಂದು ನನ್ನ ಹೆಂಡತಿ ನಿಟ್ಟುಸಿರು ಬಿಟ್ಟಿದ್ದಾಳೆ.

ಈ ಸಲ ಹಿಡಿದದ್ದು ಕೃತಕ ಜೀವ. ಹೆಸರು ಕೇಳಿ ಹೆದರಬೇಡಿ. ಕಂಪ್ಯೂಟರಿನೊಳಗೆ ಒಂದಿಷ್ಟು ಪುಟಾಣಿ ಜೀವಿಗಳನ್ನು ಬಿಡುವುದು. ಚೆನ್ನಾಗಿ ಬದುಕಿದವಕ್ಕೆ ಮರಿಯಾಗಲಿ, ಇಲ್ಲದವು ಸಾಯಲಿ ಎಂದು ಕಟ್ಟಳೆ ಹಾಕಿ, ದೇವರ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂರುವುದು. ತಲೆಮಾರು ಕಳೆದಂತೆ ಯಾರೂ ಹೇಳಿಕೊಡದೆಯೇ ಅವು ಜಾಣವಾಗುತ್ತವೆ. ಎಲ್ಲರೂ ಮೀನು, ಇರುವೆ ಅಂತ ಬಿಡುತ್ತಾರೆ. ನನಗೆ ಬೈಗುಳಗಳನ್ನೇ ಬಿಟ್ಟರೆ ಹೇಗೆ ಅನ್ನಿಸಿತು. ಕೋತಿಯನ್ನು ಓಡಿಸಿದ ಬೈಗುಳಕ್ಕೆ ಮರಿ; ಓಡಿಸದ ಬೈಗುಳಕ್ಕೆ ಸಾವು. ಕೈಕಾಲಿಲ್ಲದ, ಹೊಟ್ಟೆಯಿಲ್ಲದ, ಬರೀ ಬಾಯಿ ಮಾತ್ರ ಇರುವ ಜೀವರಾಶಿ. ಅಂಥವರು ಆಲೂರು ಬಸ್‌ಸ್ಟ್ಯಾಂಡಿನಲ್ಲಿ ಈಗಾಗಲೇ ಇದ್ದಾರೆ ಅನ್ನುವುದು ಬೇರೆ ಮಾತು.

ದೊಡ್ಡಮ್ಮನನ್ನು ಕೂರಿಸಿ ಮೊಬೈಲ್ ಮುಂದೆ ಹಿಡಿದೆ. ಒಂದು ಬೈಗುಳವೂ ಹೊರಡಲಿಲ್ಲ. "ಎದುರಿಗೆ ಕೋತಿ ಇಲ್ದೆ ಬೈಯೋಕೆ ನಾನೇನು ಹುಚ್ಚಿಯೇನೋ?" ಎಂದಳು. ಕೊನೆಗೆ ಹಿತ್ತಲ ಬಾಗಿಲ ಮೇಲೆ ಮೈಕು ಕಟ್ಟಿ, ಒಂದು ವಾರದ ಅವಳ ಮಾತನ್ನೆಲ್ಲ ಹಿಡಿದೆ. ಬೈಗುಳದ ಜೊತೆಗೆ ಚಿಲಕದ ಸದ್ದು, ಕೆಮ್ಮು, ಕೋಳಿಗೆ ತಟ್ಟೆ ಬಡಿದು ಕರೆದದ್ದು, ನನ್ನ ಹೆಂಡತಿಯೊಡನೆ ಮಾತಾಡಿದ್ದು, ಎಲ್ಲವೂ ಬಂತು. ಅವನ್ನು ತುಂಡು ತುಂಡು ಮಾಡಿ ಯಂತ್ರಕ್ಕೆ ಹಾಕಿದೆ. ಬಾಳೆ ಬುಡದ ಕಂಬಕ್ಕೆ ಒಂದು ಕ್ಯಾಮೆರಾ, ಅಂಗೈಯಷ್ಟು ಕಂಪ್ಯೂಟರು, ಚುನಾವಣೆಯ ಆಟೋಗೆ ಕಟ್ಟುವಂಥ ಸ್ಪೀಕರು, ಮಳೆ ಬೀಳದಂತೆ ಮೇಲೆ ಬೋರಲು ಹಾಕಿದ ಪ್ಲಾಸ್ಟಿಕ್ ಬಕೆಟ್ಟು. ಕೋತಿ ಕಂಡರೆ ಯಂತ್ರ ಬೈಯುತ್ತದೆ, ಎಷ್ಟು ಬೇಗ ಓಡಿತೆಂದು ನೋಡುತ್ತದೆ, ಗೆದ್ದ ಬೈಗುಳಗಳಿಗೆ ಮದುವೆ ಮಾಡಿಸುತ್ತದೆ.

ಮೊದಲ ಕೆಲವು ತಲೆಮಾರುಗಳು ಶುದ್ಧ ಅಡ್ಡಕಸುಬಿಗಳು. ಒಂದರ ತಲೆ ಇನ್ನೊಂದರ ಬಾಲಕ್ಕೆ ಸೇರಿ, "ನಿನ್ ಮನೆ ಹಾಳಾಗ, ಕಾಫಿ ಕುಡ್ಕೊಂಡ್ ಹೋಗು!" ಎಂದು ಕೂಗುತ್ತಿದ್ದವು. "ಹಲ್ಕಿರಿಯೋ ಮುಂಡೇದೆ, ಬಿಪಿ ಮಾತ್ರೆ ತಗೊಂಡ್ಯಾ?" ಎಂಬುದು ಎರಡು ದಿನ ಬದುಕಿತ್ತು. ಕೋತಿಗಳು ಓಡುವ ಬದಲು ಸುತ್ತ ಕೂತು ಕೇಳುತ್ತಿದ್ದವು. ಇದೇ ಹೊತ್ತಿಗೆ ಬೇಲಿಯಾಚೆಯ ಎಸ್ಟೇಟಿನಲ್ಲಿ ಹೊಸ ಕಾಫಿ ಕಣಕ್ಕೆ ಆಶೀರ್ವಾದ ಮಾಡಲು ಚರ್ಚಿನ ಫಾದರ್ ಬಂದಿದ್ದರು. ಮಂಗಳೂರು ಕಡೆಯಿಂದ ಅಜ್ಜನ ಕಾಲದಲ್ಲೇ ಬಂದು ನೆಲೆಸಿದ ಮನೆತನ ಅದು, ಬಹಳ ಮರ್ಯಾದಸ್ಥರು. ಸಂಜೆ ಯಜಮಾನರು ಬೇಲಿಯ ಹತ್ತಿರ ಬಂದು ದನಿ ತಗ್ಗಿಸಿ, "ಅಲ್ಲ ಮಾರಾಯ್ರೆ, ಪ್ರಾರ್ಥನೆ ಮಧ್ಯ ನಿಮ್ಮ ಕಡೆಯಿಂದ 'ನಿನ್ನ ಹೆಣ ಎತ್ತ' ಅಂತ ಬಂತು. ಫಾದರು ಆ ಅಮ್ಮನಿಗೆ ಏನು ಕಷ್ಟ ಅಂತ ಕೇಳಿ, ಅವರ ಹೆಸರಲ್ಲೂ ಒಂದು ಪ್ರಾರ್ಥನೆ ಮಾಡಿದ್ರು" ಎಂದರು. ದೊಡ್ಡಮ್ಮ ಮೂರು ದಿನ ಆ ಕಡೆ ಮುಖ ಹಾಕಲಿಲ್ಲ. ತಾನು ಬೈಯದ ಬೈಗುಳಕ್ಕೆ ತನಗೆ ಕ್ಷಮೆ ಸಿಕ್ಕಿದ್ದು ಅವಳಿಗೆ ಅವಮಾನವಾಗಿತ್ತು.

ಪ್ರಾರ್ಥನೆ ಫಲಿಸಿತೋ ಏನೋ, ಆಮೇಲೆ ಯಂತ್ರ ಸುಧಾರಿಸಿತು. ಉದ್ದುದ್ದ ಬೈಗುಳಗಳೆಲ್ಲ ಸತ್ತವು. ಕೊನೆಗೆ ಉಳಿದ ವಂಶ ಬಹಳ ಚಿಕ್ಕದು. ಚಿಲಕ ಜಾರುವ ಸದ್ದು, ಗಂಟಲು ಸರಿಮಾಡಿಕೊಳ್ಳುವ ಒಂದು ಕೆಮ್ಮು, ಆಮೇಲೆ ಬರೀ "ನಿನ್..." ಅಷ್ಟೆ. ಉಳಿದದ್ದು ಕೋತಿಗಳಿಗೇ ಬಾಯಿಪಾಠವಾಗಿತ್ತು. ಆ "ನಿನ್" ಕೇಳಿದ ಕೂಡಲೇ ಇಡೀ ಕುಟುಂಬ ಕಾಫಿಗೆ ನೆರಳಿಗೆಂದು ಬೆಳೆಸಿದ ಸಿಲ್ವರ್ ಮರ ಹತ್ತಿ ಪಕ್ಕದ ತೋಟಕ್ಕೆ ವಲಸೆ ಹೋಗುತ್ತಿತ್ತು. ನಾನು ಕುಣಿದಾಡಿದೆ. ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಇಂಥದೊಂದು ಸತ್ಯ ಕಂಡುಕೊಂಡದ್ದನ್ನು ನೋಡುವ ಸುಖ, ಅನುಭವಿಸಿದವನಿಗೇ ಗೊತ್ತು. ಗೊನೆಗಳು ಮರದಲ್ಲೇ ಬಲಿತವು.

ದೊಡ್ಡಮ್ಮನಿಗೆ ಕೆಲಸವಿಲ್ಲದಂತಾಯಿತು. ಮೊದಮೊದಲು ಯಂತ್ರಕ್ಕಿಂತ ಮುಂಚೆ ಓಡಿಹೋಗಿ ಬೈಯಲು ನೋಡಿದಳು. ಅವಳ ಮಂಡಿ ಬಾಗಿಲು ದಾಟುವಷ್ಟರಲ್ಲಿ ಹಿತ್ತಲು ಖಾಲಿ. ಆಮೇಲೆ ಜಗಲಿಯ ಮೇಲೆ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಬಕೆಟ್ಟನ್ನೇ ನೋಡುತ್ತಾ ಕೂರುತ್ತಿದ್ದಳು. ಬೆಳಿಗ್ಗೆ ಮೂರು ಅಕ್ಕಿರೊಟ್ಟಿ ತಿನ್ನುತ್ತಿದ್ದವಳು ಒಂದು ದಿನ ಒಂದಕ್ಕೇ ಕೈ ತೊಳೆದಳು. ನನ್ನ ಹೆಂಡತಿ ಇನ್ನೊಂದು ಹಾಕಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿದು, "ಕೂತು ತಿನ್ನೋಳಿಗೆ ಒಂದೇ ಸಾಕು ಕಣವ್ವ" ಎಂದಳು.

ಅದೇ ವಾರ ನಮ್ಮ ಆಫೀಸಿನ ಮೀಟಿಂಗಿನಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ ಚೌಕ ಚೌಕವಾಗಿ ಕೂತ ನಮಗೆಲ್ಲ ಮ್ಯಾನೇಜರು ಒಂದು ಸಿಹಿ ಸುದ್ದಿ ಕೊಟ್ಟರು. ಪ್ರೋಗ್ರಾಮನ್ನು ತಾನೇ ಬರೆಯುವ ಹೊಸ ಎಐ ಬಂದಿದೆ, ನಾವು ಹೇಗೆ ಬರೆಯುತ್ತೇವೆಂದು ಅದಕ್ಕೆ ತೋರಿಸಬೇಕು, ತಪ್ಪಿದರೆ ತಿದ್ದಬೇಕು. "ಇದು ನಿಮ್ಮನ್ನು ತೆಗೆಯುವುದಕ್ಕಲ್ಲ, ನೀವು ಆರಾಮಾಗಿರಲಿ ಅಂತ." ಎಲ್ಲರೂ ಹೆಬ್ಬೆರಳು ಎತ್ತಿದೆವು. ನನ್ನದೂ ಎದ್ದಿತು. ಮೀಟಿಂಗ್ ಮುಗಿಸಿ ಜಗಲಿಗೆ ಬಂದು, ಸಪ್ಪಗೆ ಕೂತಿದ್ದ ದೊಡ್ಡಮ್ಮನಿಗೆ ಸಮಾಧಾನ ಹೇಳಲು, "ನಿನ್ ಕೆಲಸ ತೆಗಿಯೋಕಲ್ಲ ದೊಡ್ಡಮ್ಮ, ನೀನು ಆರಾಮಾಗಿರ್ಲಿ ಅಂತ" ಎಂದೆ. ಹೇಳಿದ ಮೇಲೆ ಆ ಮಾತು ನನ್ನ ಬಾಯಲ್ಲೇ ಹುಳಿಯಾಯಿತು.

"ಆರಾಮಾಗಿರೋಕೆ ನಂಗೇನು ಬಾಣಂತನವಾ?" ಎಂದಳು. ಕೋಲನ್ನು ಗೋಡೆಗೆ ಒರಗಿಸಿ, "ಅಟ್ಟದ ಮೇಲಿಂದ ಆ ಟ್ರಂಕ್ ಇಳಿಸ್ಕೊಡು ಮಗ. ನಮ್ ಮೈದುನನ ಮನೇಲಿ ದನ ನೋಡ್ಕೊಳೋಕೆ ಜನ ಇಲ್ವಂತೆ. ಹೋಗ್ಬುಡ್ತೀನಿ" ಎಂದಳು. ಆ ಮೈದುನನೋ, ತನ್ನ ಅಣ್ಣ ಸತ್ತಾಗ ಹೆಣದ ಮುಂದೆಯೇ ಜಮೀನಿನ ಪಾಲು ಮಾತಾಡಿದವನು. ಅಂಥ ಮನೆಗಾದರೂ ಸರಿ, ಕೆಲಸವಿರುವ ಮನೆಗೆ ಹೋಗಬೇಕು ಎಂದು ಅವಳು ತೀರ್ಮಾನಿಸಿದ್ದಳು.

ಟ್ರಂಕು ಇಳಿಸುವುದಿರಲಿ, ಓಡಿಹೋಗಿ ಯಂತ್ರದ ವೈರು ಕಿತ್ತೆ. ಅವಳು ನೋಡುತ್ತಲೇ ಇದ್ದಳು. "ಹಾಕು ಅದನ್ನ. ಪಾಪ ಮುದುಕಿ ಅಂತ ನನ್ ಕೈಗೆ ಕೆಲಸ ಕೊಡ್ತೀಯಾ? ಚೆನ್ನಾಗಿ ನಡೀತಿರೋದನ್ನ ನಿಲ್ಸೋಕೆ ನಿಂಗೇನ್ ಬಂದಿರೋದು?" ಹಾಕಿದೆ. ದಯೆಯ ಕೆಲಸ ಅವಳಿಗೆ ಬೇಡ. ನನಗೂ ಬೇಡವಾಗಿರುತ್ತಿತ್ತು. ಟ್ರಂಕಿಗೆ ಬೀಗ ಸಿಗುತ್ತಿಲ್ಲ, ಭಾನುವಾರ ಸಂತೆಯಿಂದ ತರುತ್ತೇನೆ ಎಂದು ಒಂದು ಸುಳ್ಳು ಹೇಳಿ ಅಷ್ಟು ದಿನ ಗಳಿಸಿದೆ. ಇನ್ನು ಇರುವುದೊಂದೇ ದಾರಿ. ಯಂತ್ರ ನ್ಯಾಯವಾಗಿ ಸೋಲಬೇಕು, ಅಥವಾ ನ್ಯಾಯವಾಗಿ ಸೋತಂತೆ ಕಾಣಬೇಕು.

ಪ್ರೋಗ್ರಾಮಿನಲ್ಲಿ ಕೋತಿ ಎಷ್ಟು ಬೇಗ ಓಡಿತು ಎಂದು ಅಂಕ ಕೊಡುವ ಒಂದು ಸಾಲಿದೆ. ಅದರ ಮುಂದೆ ಒಂದು ಮೈನಸ್ ಹಾಕಿದೆ. ಅಷ್ಟೇ. ಈಗ ಕೋತಿಯನ್ನು ಓಡಿಸುವ ಬೈಗುಳಕ್ಕೆ ಸಾವು, ಕೂರಿಸಿಕೊಳ್ಳುವುದಕ್ಕೆ ಮರಿ. ನನ್ನ ಇಡೀ ವೃತ್ತಿಜೀವನದಲ್ಲಿ ಬೇಕೆಂದೇ ಮಾಡಿದ ತಪ್ಪು ಅದೊಂದೇ. ಬೇಡದೆ ಮಾಡಿದವುಗಳ ಮುಂದೆ ಅದು ಎಷ್ಟೋ ಅಚ್ಚುಕಟ್ಟಾಗಿತ್ತು.

ಗುರುವಾರದ ಹೊತ್ತಿಗೆ "ನಿನ್..." ನಿರ್ವಂಶವಾಯಿತು. ಶುಕ್ರವಾರ ಯಂತ್ರ ಹಳೆಯ ತುಂಡುಗಳ ರಾಶಿಯಿಂದ ಏನೇನೋ ಹೆಕ್ಕಿ ಗೊಣಗುತ್ತಿತ್ತು. ಶನಿವಾರ ಬೆಳಿಗ್ಗೆ ನಾವು ತಿಂಡಿಗೆ ಕೂತಿದ್ದೆವು. ಹಿತ್ತಲಿನಿಂದ ತಟ್ಟೆ ಬಡಿಯುವ ಸದ್ದು, ಜೊತೆಗೆ ದೊಡ್ಡಮ್ಮನದೇ ದನಿ, ಅವಳು ಕೋಳಿಗಳನ್ನಷ್ಟೇ ಕರೆಯುವ ಆ ಅಕ್ಕರೆಯಲ್ಲಿ: "ಬಾ ಬಾ ಬಾ ಬಾ, ಬನ್ರೋ ನನ್ ಬಂಗಾರಗಳಾ, ಬಾ ಬಾ!" ಎದುರಿಗೆ ಕೂತಿದ್ದ ದೊಡ್ಡಮ್ಮ ತನ್ನ ಬಾಯನ್ನು ತಾನೇ ಮುಟ್ಟಿಕೊಂಡು ನೋಡಿದಳು. ಎದ್ದು ಕಿಟಕಿಯಿಂದ ಇಣುಕಿದರೆ, ಇಡೀ ಕುಟುಂಬ ನೆಂಟರಿಷ್ಟರ ಸಮೇತ ನೆರೆದಿತ್ತು. ಬಲಿತ ಗೊನೆ ನೆಲಕ್ಕೆ ಬಂದಿತ್ತು. ದೊಡ್ಡ ಗಂಡು ಕೋತಿ ಬಕೆಟ್ಟಿನ ಮೇಲೆ ಅಧ್ಯಕ್ಷರ ಹಾಗೆ ಕೂತು ಹಣ್ಣು ಸುಲಿಯುತ್ತಿತ್ತು.

"ಅಯ್ಯೋ ನಿನ್ ಮಿಷಿನ್ ಕೈ ಸೇದೋಗ! ಕೋತಿ ಕಡೆ ಸೇರ್ಕೊಂಡ್ಬುಟ್ಟೈತಲ್ಲೋ!" ಎಂದು ದೊಡ್ಡಮ್ಮ ಕೋಲು ಹಿಡಿದು ನುಗ್ಗಿದಳು. ಆ ದಿನ ಅವಳು ಬೈದದ್ದನ್ನು ನಾನು ಬರೆಯಲಾರೆ. ವಾರಗಟ್ಟಲೆ ಒಳಗೇ ಕೂಡಿಟ್ಟದ್ದೆಲ್ಲ ಹೊರಗೆ ಬಂತು. ಕೋತಿಗಳಿಗೆ ಬೈದು, ಬಕೆಟ್ಟಿಗೆ ಬೈದು, ಒಳಗಿದ್ದ ತನ್ನ ದನಿಗೂ "ಮುಚ್ಚೇ ಬಾಯಿ!" ಎಂದು ಒಂದು ಕೋಲೇಟು ಕೊಟ್ಟಳು. ಸ್ಪೀಕರು ಗೊರಗೊರ ಎಂದು ಸುಮ್ಮನಾಯಿತು. ಬೇಲಿಯ ಮೇಲೆ ಕೊನೆಯ ಕೋತಿಯ ಬಾಲ ಮಾಯವಾಗುವವರೆಗೂ ಅವಳು ನಿಲ್ಲಿಸಲಿಲ್ಲ. "ಒಂದು ಗೊನೆ ಹೋಯ್ತು, ನೀವು ನಗ್ತಾ ಇದೀರಲ್ರೀ" ಎಂದು ನನ್ನ ಹೆಂಡತಿ ನನ್ನ ಮುಖವನ್ನೇ ನೋಡಿದಳು. ನಾನು ತಟ್ಟೆ ತೊಳೆಯಲು ಹೋದೆ.

ಟ್ರಂಕಿನ ಮಾತು ಮತ್ತೆ ಬರಲಿಲ್ಲ. ಮಧ್ಯಾಹ್ನ ಜಗಲಿಯ ಮೇಲೆ ಬಕೆಟ್ಟು ಬಿಚ್ಚಿ ವೈರು ಸುತ್ತುತ್ತಾ ಕೂತಿದ್ದೆ. ದೊಡ್ಡಮ್ಮ ಬಂದು ಪಕ್ಕದಲ್ಲಿ ಕೂತಳು. ಬೈದು ಬೈದು ದನಿ ಒಡೆದಿತ್ತು. ನಾನು ಬೇಜಾರಿನಲ್ಲಿದ್ದೇನೆಂದು ತಿಳಿದಳೋ ಏನೋ, ಬೆನ್ನ ಮೇಲೆ ಕೈಯಿಟ್ಟಳು.

"ನಿನ್ ಹೆಂಡ್ತಿ ಹೇಳ್ತಿದ್ಲು. ನಿನ್ ಕೆಲಸಾನೂ ಯಾವ್ದೋ ಮಿಷಿನ್‌ಗೆ ಕಲಿಸ್ತಾ ಅವ್ರಂತೆ?"

"ಹೂಂ. ನನ್ ಕೈಲೇ ಕಲಿಸ್ತಾ ಅವ್ರೆ."

"ಕಲಿತ್ಬುಡ್ತದಾ?"

"ಹೆಚ್ಚುಕಮ್ಮಿ ಕಲಿತೇಬುಟ್ಟೈತೆ ದೊಡ್ಡಮ್ಮ." ಕಲಿಸುವ ವಿಷಯ ಹೆಂಡತಿಗೆ ಗೊತ್ತಿತ್ತು, ಕಲಿತೇಬಿಟ್ಟದ್ದನ್ನು ಅವಳಿಗೂ ಇನ್ನೂ ಹೇಳಿರಲಿಲ್ಲ.

ಅವಳು ಹಿತ್ತಲ ಕಡೆ ನೋಡಿದಳು. ಸಮಾಧಾನ ಹೇಳುತ್ತಾಳೆ, ದೇವರ ಮೇಲೆ ಭಾರ ಹಾಕು ಅನ್ನುತ್ತಾಳೆ ಅಂದುಕೊಂಡೆ.

"ಹೋದ್ರೆ ಹೋಗ್ಲಿ. ಕಿತ್ಲೆ ಗಿಡದ ಕಡೆ ನೀನ್ ನೋಡ್ಕೋ, ಬಾಳೆ ಕಡೆ ನಾನಿದೀನಿ. ಕೂತು ತಿಂತಾವ್ನೆ ಅಂತ ಆಗ ಯಾರೂ ಅನ್ನಂಗಿಲ್ಲ. ಎದ್ದೇಳು, ಅಲ್ಲೊಂದ್ ಬಂದೈತೆ. ಬೈ ನೋಡಾನ."

ಕಿತ್ತಳೆ ಗಿಡದಲ್ಲಿ ಒಂದು ಕೋತಿ ಕೂತಿತ್ತು. ನಾನು ಎದ್ದು ನಿಂತು "ಏಯ್, ಹೋಗು" ಎಂದೆ. ಅದು ತಲೆ ಕೂಡ ಎತ್ತಲಿಲ್ಲ.

"ಥೂ, ಅರ್ಜಿ ಕೊಡ್ತಾ ಇದೀಯಾ? ಮೊದ್ಲು ಹೊಟ್ಟೆ ಉರೀಬೇಕು ಕಣೋ, ಆಮೇಲ್ ಬಾಯ್ ಬಿಡ್ಬೇಕು."

ಎಲ್ಲರೂ ಹೆಬ್ಬೆರಳೆತ್ತಿದ ಆ ಮೀಟಿಂಗನ್ನು ನೆನೆದುಕೊಂಡು ಬಾಯಿ ಬಿಟ್ಟೆ. ಏನು ಬಂತೋ ನನಗೇ ನೆನಪಿಲ್ಲ, ಬಹಳ ಹೊತ್ತು ಬಂತು. ಕಣ್ಣಲ್ಲಿ ನೀರೂ ಬಂತು. ಕೋತಿ ಹಣ್ಣು ಬಿಸಾಕಿ ಬೇಲಿ ಹಾರಿತು.

"ಪರ್ವಾಗಿಲ್ಲ" ಎಂದಳು ದೊಡ್ಡಮ್ಮ, ಸೆರಗಿನಲ್ಲಿ ನನ್ನ ಮುಖ ಒರೆಸುತ್ತಾ. "ನಿನ್ ಹೊಟ್ಟೆಪಾಡು ನಡೀತದೆ ಬಿಡು."