ಬೈಕುಗಳನ್ನು ಮಲಗಿಸುವ ರೈಮೊ

ಅಕ್ಟೋಬರ್ ಬಂತೆಂದರೆ ಊರಿನ ಬೈಕುಗಳೆಲ್ಲ ರೈಮೊನ ಶೆಡ್ಡಿನ ಮುಂದೆ ಸಾಲು ನಿಲ್ಲುತ್ತವೆ. ಕುಹ್ಮೊ ಪೇಟೆಯಿಂದ ಪೂರ್ವಕ್ಕೆ ಹೋಗುವ ಆ ರಸ್ತೆಯಲ್ಲಿ ಅಷ್ಟು ಬೈಕುಗಳನ್ನು ಒಟ್ಟಿಗೆ ನೋಡಬೇಕೆಂದರೆ ಆ ವಾರವೇ ನೋಡಬೇಕು. ಆಮೇಲೆ ಏಪ್ರಿಲ್ ಮುಗಿಯುವವರೆಗೆ ರಸ್ತೆ ಹಿಮದ ಪಾಲು. ಬೈಕಿನವರು ಹಲ್ಲು ಕಚ್ಚಿಕೊಂಡು ಒಲೆಯ ಪಕ್ಕ ಕೂರಬೇಕು.

ಮೂವತ್ತೊಂದು ವರ್ಷ ಮರದ ದಿಮ್ಮಿಗಳ ಲಾರಿ ಓಡಿಸಿದ ರೈಮೊ, ನಿವೃತ್ತಿಯಾದ ಮೇಲೆ ಊರಿನ ಬೈಕುಗಳನ್ನು ಚಳಿಗಾಲಕ್ಕೆ ಸಿದ್ಧಮಾಡಿ ಮಲಗಿಸಿಡುವ ಈ ಕೆಲಸ ಹಿಡಿದ. ಹಿಡಿದ ಎನ್ನುವುದಕ್ಕಿಂತ ಊರೇ ಅವನ ಕೊರಳಿಗೆ ಕಟ್ಟಿತು ಎನ್ನಬೇಕು. ಅವನಿಗೂ ಅದು ಬೇಕಿತ್ತು ಅನ್ನಿ. ಕೆಲಸಕ್ಕೆ ಪ್ರತಿಯಾಗಿ ತಲೆಗೊಂದು ಕಾಫಿಪುಡಿ ಪೊಟ್ಟಣ, ಅಷ್ಟೇ. ಅವನ ಅಡುಗೆಮನೆಯ ಮೇಲಿನ ಕಪಾಟು ಮಾರ್ಚ್‌ವರೆಗೆ ಖಾಲಿಯಾಗುತ್ತಿರಲಿಲ್ಲ.

ಅವನ ಕ್ರಮಗಳು ಊರಿಗೆಲ್ಲ ಬಾಯಿಪಾಠ. ಬೈಕನ್ನು ತೊಳೆದು ತರಬೇಕು. ಕೆಸರು ಮೆತ್ತಿದ ಬೈಕು ತಂದವರನ್ನು ಬಾಗಿಲಿನಿಂದಲೇ ವಾಪಸ್ ಕಳಿಸುತ್ತಿದ್ದ. ಎಂಜಿನ್ ಬಿಸಿ ಇರುವಾಗಲೇ ಹಳೆಯ ಆಯಿಲ್ ಇಳಿಸಬೇಕು. ಟ್ಯಾಂಕಿನಲ್ಲಿ ಪೆಟ್ರೋಲು ಕಂಠಮಟ್ಟ ಇರಬೇಕು, ಇಲ್ಲದಿದ್ದರೆ ಒಳಗೆ ತೇವ ಕೂತು ತುಕ್ಕು ಹಿಡಿಯುತ್ತದೆ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಬೇಕು, ಇಲಿಗಳು ಸಂಸಾರ ಹೂಡದ ಹಾಗೆ. ಬ್ಯಾಟರಿಗಳಂತೂ ಚಳಿಗಾಲವಿಡೀ ಅವನ ಮನೆಯ ಬೆಚ್ಚನೆಯ ಕೋಣೆಯಲ್ಲಿ, ಹಬ್ಬಕ್ಕೆ ಬಂದ ಅಳಿಯಂದಿರಂತೆ, ಉಪಚಾರ ಮಾಡಿಸಿಕೊಂಡು ಕೂತಿರುತ್ತಿದ್ದವು.

ಇಷ್ಟೆಲ್ಲ ಅಚ್ಚುಕಟ್ಟಿನ ಮನುಷ್ಯ ಒಂದು ತಪ್ಪು ಮಾಡಿದ. ತಪ್ಪು ಯಾರು ಮಾಡುವುದಿಲ್ಲ? ಅವನನ್ನು ಒಳಗಿಂದೊಳಗೆ ತಿಂದದ್ದು ಅದನ್ನು ಮುಚ್ಚಲು ಆಡಿದ ಮಾತು.

ಕಾಲೆವಿ ಅವನ ನಲವತ್ತು ವರ್ಷದ ಗೆಳೆಯ. ಹೋದ ವರ್ಷದ ವಸಂತದಲ್ಲಿ ಹೊಟ್ಟೆಯ ಕ್ಯಾನ್ಸರ್ ಅವನನ್ನು ಒಯ್ದಿತು. ಅವನ ಹಳೆಯ ದೊಡ್ಡ ಬೈಕು ಹೆಂಡತಿ ತೂಲಾಳಿಗೆ ಬಂತು. ಅಲ್ಲಿಯವರೆಗೆ ಅವನ ಹಿಂದೆಯೇ ಕೂತು ತಿರುಗಿದವಳು ಐವತ್ತೇಳನೇ ವಯಸ್ಸಿನಲ್ಲಿ ಹಠ ಹಿಡಿದು ಓಡಿಸಲು ಕಲಿತಳು. ಆ ಜುಲೈನಲ್ಲಿ ರೈಮೊ ತನ್ನ ಬೈಕಿನಲ್ಲಿ, ಅವಳು ಕಾಲೆವಿಯ ಬೈಕಿನಲ್ಲಿ ಉತ್ತರದ ಕಡೆಗೆ ಹೊರಟಿದ್ದರು. ದಾರಿಯಲ್ಲಿ ಯಾವುದೋ ಕಲ್ಲು ಸಿಡಿದು ಎಂಜಿನ್ ತಣ್ಣಗಿಡುವ ಪೈಪು ಹರಿಯಿತು, ಅದರೊಳಗಿನ ಕೂಲೆಂಟ್ ದ್ರವವೆಲ್ಲ ರಸ್ತೆಗೆ ಹರಿದುಹೋಯಿತು. ತೂಲಾ ಕಾಫಿ ತರಲು ತಿರುವಿನ ಅಂಗಡಿಗೆ ನಡೆದು ಹೋಗಿದ್ದಳು. ರೈಮೊ ಪೈಪಿಗೆ ಟೇಪು ಸುತ್ತಿ, ಪಕ್ಕದ ಕೆರೆಯಿಂದ ನೀರು ಮೊಗೆದು ತುಂಬಿಸಿದ. ಬೇಸಿಗೆಗೆ ನೀರೇ ಸಾಕು, ಮಂಜು ಬೀಳುವ ಮೊದಲು ಅದನ್ನು ಇಳಿಸಿ ಹೆಪ್ಪುಗಟ್ಟದ ಕೂಲೆಂಟ್ ಹಾಕಿದರಾಯಿತು ಎಂದುಕೊಂಡ. ಅವಳು ಬಂದಾಗ ‘ಪೈಪು ಸ್ವಲ್ಪ ಸಡಿಲ ಆಗಿತ್ತು, ಸರಿ ಮಾಡ್ದೆ’ ಎಂದಷ್ಟೇ ಹೇಳಿದ.

ಅಕ್ಟೋಬರಿನಲ್ಲಿ ಮರೆತ. ಶೆಡ್ಡಿನಲ್ಲಿ ಹದಿನಾಲ್ಕು ಬೈಕು, ಬಂದವರ ಹರಟೆ, ಕಾಫಿ. ಕಾಲೆವಿಯ ಬೈಕಿನ ಮುಂದೆ ಕೂತಾಗ ಅವನಿಗೆ ನೆನಪಾದದ್ದು ಕೆರೆಯಲ್ಲ, ಕಾಲೆವಿ. ಅವನ ಕೈಯ ಕೆಲಸವನ್ನು ಇನ್ನೊಬ್ಬ ಪರೀಕ್ಷೆ ಮಾಡುವುದುಂಟೇ ಎಂದು ಕೂಲೆಂಟ್ ನೋಡದೆಯೇ ಹೊದಿಕೆ ಎಳೆದ. ಜನವರಿಯಲ್ಲಿ ಸೊನ್ನೆಯ ಕೆಳಗೆ ಮೂವತ್ತನಾಲ್ಕು ಡಿಗ್ರಿ, ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿತು. ಏಪ್ರಿಲ್‌ನಲ್ಲಿ ಹೊದಿಕೆ ತೆಗೆದರೆ ನೆಲದ ಮೇಲೆ ನೀರು, ಎಂಜಿನ್ನಿನ ಪಕ್ಕೆಯಲ್ಲಿ ಗೇಣುದ್ದದ ಬಿರುಕು.

ತೂಲಾ ಪಕ್ಕದಲ್ಲೇ ನಿಂತಿದ್ದಳು. ‘ಇದು ಹೆಂಗಾಯ್ತು?’ ಎಂದು ಕೇಳಿದಳು. ರೈಮೊನ ಬಾಯಿಂದ ಮಾತು ತಾನಾಗಿ ಹೊರಬಿತ್ತು: ‘ಕಾಲೆವಿ ಬರೀ ನೀರು ಹಾಕಿಟ್ಟಿದ್ದ ಅನ್ಸತ್ತೆ. ಕಾಯಿಲೆ ಮನುಷ್ಯ, ಪಾಪ, ಮರೆತಿರ್ಬೇಕು.’

ಸತ್ತವನಿಗೆ ಬಾಯಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಆ ಕ್ಷಣಕ್ಕೆ ಅವನಿಗೆ ಅನ್ನಿಸಿರಬೇಕು. ಆದರೆ ಅಂದಿನಿಂದ ಅವನ ಊಟದ ರುಚಿ ಕೆಟ್ಟಿತು. ಯಾರಾದರೂ ಕಾಲೆವಿಯ ಹೆಸರೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದ. ನಾಳೆ ಹೇಳುತ್ತೇನೆ, ಹಬ್ಬ ಕಳೆಯಲಿ ಹೇಳುತ್ತೇನೆ ಎನ್ನುತ್ತ ಬೇಸಿಗೆಯನ್ನೇ ದಾಟಿಸಿಬಿಟ್ಟ, ಹೇಡಿ. ಜೂನ್‌ನಲ್ಲಿ ತೂಲಾ ಒಂದು ಚಿಕ್ಕ ಬೈಕು ಕೊಂಡಳು. ಅದಕ್ಕೂ ಅವನೇ ಮುಂದೆ ನಿಂತು ಟೈರು ಹಾಕಿಕೊಟ್ಟ, ಸಾಲದ್ದಕ್ಕೆ ಚೈನು ಹೊಸದು ಮಾಡಿಕೊಟ್ಟ. ಅವಳು ‘ನಿನ್ನಂಥ ಗೆಳೆಯ ಸಿಗಲ್ಲ ಕಣೋ’ ಎಂದಾಗ ನೆಲ ಬಿರಿಯಬಾರದೇ ಎನ್ನಿಸಿತು.

ಈ ವರ್ಷ ಹಿಮ ತಡವಾಯಿತು. ತೂಲಾ ತನ್ನ ಚಿಕ್ಕ ಬೈಕನ್ನು ತಂದದ್ದು ನವೆಂಬರಿನ ಮೊದಲ ಶನಿವಾರದ ಬೆಳಗ್ಗೆ, ಅಂದರೆ ತೀರಿಹೋದವರ ಸಮಾಧಿಗಳಿಗೆ ಊರೆಲ್ಲ ಮೊಂಬತ್ತಿ ಹಚ್ಚುವ ದಿನ. ಕೈಯಲ್ಲಿ ಕಾಫಿಪುಡಿ ಪೊಟ್ಟಣ, ಏಲಕ್ಕಿ ಬನ್ನು.

‘ಏನಪ್ಪಾ ಡಾಕ್ಟ್ರೇ, ಕೊನೇ ರೋಗಿ ನಾನೇನಾ?’

‘ನೀನೇ. ತೊಳ್ದು ತಂದಿದೀಯ ತಾನೇ?’

‘ತೊಳೀದೆ ತಂದ್ರೆ ನೀನು ಬಿಟ್ಕೋತೀಯಾ! ಬೇಕಾದ್ರೆ ನೆಕ್ಕಿ ನೋಡು.’

ಆಯಿಲ್ ಇಳಿಯುವವರೆಗೆ ಇಬ್ಬರೂ ಬನ್ನು ತಿಂದರು. ಆಮೇಲೆ ರೈಮೊ ಗಾಜಿನ ಪುಟ್ಟ ಪಿಚಕಾರಿಯೊಂದನ್ನು ತೆಗೆದು ಕೂಲೆಂಟ್ ಎಳೆದ. ಒಳಗಿನ ಬಣ್ಣದ ಗುಂಡುಗಳು ಒಂದೊಂದಾಗಿ ತೇಲಿದವು. ಎಷ್ಟು ಗುಂಡು ತೇಲಿದರೆ ಅಷ್ಟು ಚಳಿ ತಡೆಯುತ್ತದೆ ಎಂದು ಲೆಕ್ಕ. ಈ ವರ್ಷ ಪ್ರತಿಯೊಂದು ಬೈಕಿಗೂ ಅವನು ಎರಡೆರಡು ಸಲ ಹೀಗೆ ನೋಡಿದ್ದ.

‘ಸಂಜೆ ಎಷ್ಟೊತ್ತಿಗೆ ಹೋಗೋಣ ಸಮಾಧಿ ಹತ್ರ?’ ತಲೆಯೆತ್ತದೆ ಕೇಳಿದ.

‘ನೀನು ಹೋಗು. ನಾನು ಬರಲ್ಲ.’

‘ಯಾಕೆ? ಮೈಗೆ ಹುಷಾರಿಲ್ವಾ?’

ತೂಲಾ ಬೆರಳಿಗಂಟಿದ ಸಕ್ಕರೆಯನ್ನು ಒರೆಸಿಕೊಂಡಳು. ‘ಆಸ್ಪತ್ರೆಗೆ ಸೇರೋ ಹಿಂದಿನ ದಿನ ಕಾಲೆವಿ ತನ್ನ ಬೈಕಿನ ಹತ್ರ ಎರಡು ಗಂಟೆ ಕೂತಿದ್ದ. ನಿಲ್ಲೋಕೂ ಆಗ್ತಿರ್ಲಿಲ್ಲ, ಸ್ಟೂಲ್ ಹಾಕ್ಕೊಟ್ಟಿದ್ದೆ. ಎದ್ದು ಬಂದು, ಎಲ್ಲಾ ಹೊಸದಾಗಿ ಹಾಕಿದೀನಿ ತೂಲಾ, ನಿಂಗೆ ಯಾವತ್ತೂ ಕೈ ಕೊಡಲ್ಲ ಅಂದ. ನಾನು ಅದನ್ನ ನಂಬ್ಕೊಂಡೇ ಗಾಡಿ ಕಲ್ತಿದ್ದು. ನೋಡಿದ್ರೆ ಬರೀ ನೀರು! ಸಾಯೋ ಹೊತ್ತಲ್ಲೂ ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ದ. ಹಂಗಾದ್ರೆ ಇಷ್ಟು ವರ್ಷ ಹೇಳಿದ್ರಲ್ಲಿ ಎಷ್ಟು ಸುಳ್ಳಿತ್ತೋ?’

ರೈಮೊ ಪಿಚಕಾರಿಯನ್ನು ಕೆಳಗಿಟ್ಟ. ಆ ಎರಡು ಗಂಟೆಯ ವಿಷಯ ಅವನಿಗೆ ಗೊತ್ತಿರಲಿಲ್ಲ. ತಾನು ಕೆಡಿಸಿದ್ದು ಒಂದು ಎಂಜಿನ್ನು ಮಾತ್ರ ಎಂದುಕೊಂಡಿದ್ದ. ಅವಳ ಮೂವತ್ತು ವರ್ಷದ ಸಂಸಾರವೇ ಅವನ ಒಂದು ಮಾತಿನಿಂದ ಹುಳಿಯಾಗಿತ್ತು.

‘ಅವನು ಸುಳ್ಳು ಹೇಳಿಲ್ಲ,’ ಎಂದ.

‘ಬಿಡು, ಅವನ ಪರ ಮಾತಾಡೋದು ನಿಂಗೆ ಅಭ್ಯಾಸ.’

‘ಅವನ ಪರ ಅಲ್ಲ, ತೂಲಾ. ನೀರು ಹಾಕಿದ್ದು ನಾನು. ಜುಲೈನಲ್ಲಿ ಪೈಪು ಸಡಿಲ ಆಗಿತ್ತು ಅಂದಿದ್ನಲ್ಲ, ಅದು ಹರಿದೇ ಹೋಗಿತ್ತು. ನೀನು ಕಾಫಿಗೆ ಹೋಗಿದ್ದೆ, ಆವಾಗ ಕೆರೆ ನೀರು ತುಂಬಿಸ್ದೆ. ಅವನು ಹಾಕಿದ್ದೆಲ್ಲ ರಸ್ತೆ ಪಾಲಾಗಿತ್ತು. ಅಕ್ಟೋಬರ್‌ನಲ್ಲಿ ಬದ್ಲಾಯಿಸ್ಬೇಕಿತ್ತು, ಮರ್ತೆ. ಏಪ್ರಿಲ್‌ನಲ್ಲಿ ನೀನು ಕೇಳ್ದಾಗ... ನಂಗೆ ನಾಚ್ಕೆ ಆಯ್ತು. ಅವನ ಮೇಲೆ ಹಾಕ್ಬಿಟ್ಟೆ.’

ಬಾಗಿಲ ಆಚೆ ಯಾರದೋ ಕಾರು ಚರ್ಚಿನ ಕಡೆಗೆ ಹೋಯಿತು.

‘ಆ ಎಂಜಿನ್ನು ನಾನು ಸರಿ...’ ಎಂದು ಶುರುಮಾಡಿದ ರೈಮೊ.

‘ಎಂಜಿನ್ನಿಗಿಷ್ಟು ಬೆಂಕಿ ಹಾಕ! ಜೂನ್‌ನಲ್ಲಿ ಹೂವಿನ ಸಸಿ ನೆಡೋಕೆ ಅಂತ ಅವನ ಸಮಾಧಿಗೆ ಹೋಗಿದ್ದೆ. ಅಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದೆ ರೈಮೊ. ಸುಳ್ಳ ಅಂದೆ. ಸಸಿ ವಾಪಸ್ ತಂದು ಕೋಳಿಗೂಡಿನ ಹಿಂದೆ ಎಸ್ದೆ. ಅವತ್ತಿಂದ ಆ ಕಡೆ ತಲೆ ಹಾಕಿಲ್ಲ.’

‘ನಡಿ, ಈಗ್ಲೇ ಹೋಗೋಣ. ನಾನೇ ಅವನ ಮುಂದೆ ನಿಂತು ಹೇಳ್ತೀನಿ. ತಪ್ಪಾಯ್ತು ಅಂತೀನಿ.’

‘ಬೇಡ.’ ಅವಳು ಎದ್ದು ಕೋಟಿನ ಗುಂಡಿ ಹಾಕಿಕೊಂಡಳು. ದನಿ ಏರಲಿಲ್ಲ. ‘ಮೊದ್ಲು ಅವನ ಕ್ಷಮೆ ಕೇಳ್ಬೇಕಾದೋಳು ನಾನು. ಏಳು ತಿಂಗಳು ಅವನನ್ನ ಅನುಮಾನಿಸಿದೀನಿ. ಅದೆಲ್ಲ ಹೇಳಿ ಮುಗಿಸೋಕೆ ಎಷ್ಟು ದಿನ ಹಿಡಿಯತ್ತೋ ಗೊತ್ತಿಲ್ಲ. ಅಲ್ಲೀವರೆಗೂ ನೀನು ಅಲ್ಲಿಗೆ ಬರ್ಬೇಡ.’

‘ಇವತ್ತೂನಾ?’

‘ಇವತ್ತೂ.’

ಅವಳು ರಸ್ತೆಗಿಳಿದು ಚರ್ಚಿನ ಪಕ್ಕದ ಸಮಾಧಿಗಳ ಕಡೆಗೆ ನಡೆದಳು. ಮೊದಲು ಮೆಲ್ಲಗೆ, ಆಮೇಲೆ ಬಿರಬಿರನೆ, ಯಾರೋ ಬಹಳ ಹೊತ್ತಿನಿಂದ ಕಾಯುತ್ತಿದ್ದಾರೆ ಎನ್ನುವ ಹಾಗೆ.

ರೈಮೊ ಹೊಸ ಆಯಿಲ್ ತುಂಬಿಸಿದ, ಬ್ಯಾಟರಿ ಬಿಚ್ಚಿದ, ಹೊದಿಕೆ ಹೊದಿಸಿದ. ನಾಲ್ಕು ಗಂಟೆಗೆಲ್ಲ ಕತ್ತಲಾಯಿತು. ಊರೆಲ್ಲ ಸಮಾಧಿಗಳ ಹತ್ತಿರ ಸೇರಿತ್ತು. ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯವನು ಶೆಡ್ಡಿನೊಳಗೆ ಇಣುಕಿ, ‘ಬರಲ್ವಾ, ಕಾಲೆವಿಗೆ ದೀಪ ಹಚ್ಚೋಕೆ?’ ಎಂದು ಕರೆದ.

‘ಇಲ್ಲ,’ ಎಂದ ರೈಮೊ. ಯಾಕೆಂದು ಅವನು ಕೇಳಿದ. ರೈಮೊ ಈ ಸಲ ನಿಜ ಹೇಳಿದ.