ಕೂಗುವ ಪಾಳಿ

ಗಂಗಾಮಣಿಗೆ ಯಾರ ಮೇಲೂ ನಂಬಿಕೆಯಿಲ್ಲ. ಯಸಳೂರಿನ ಬೋರ್ಡು ಕಣ್ಣೆದುರೇ ಇದ್ದರೂ ಇಬ್ಬರನ್ನು ಕೇಳಿಯೇ ಬಸ್ಸು ಹತ್ತುವವಳು. ಅಂಗಡಿಯವನು ಒಳ್ಳೆಯ ಟೊಮೇಟೊ ಆರಿಸಿಕೊಟ್ಟರೆ ಚೀಲ ಬೋರಲು ಹಾಕಿ ತಳದ್ದನ್ನು ನೋಡುತ್ತಾಳೆ. ಹೆತ್ತೂರಿನಾಚೆ ನಟರಾಜ್ ಅವರ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯುತ್ತಾ ಅವಳ ತಲೆ ನರೆತಿದೆ, ಸಂಶಯಕ್ಕೆ ಮಾತ್ರ ಇನ್ನೂ ಹರೆಯ.

ಆ ತೋಟದಲ್ಲೊಂದು ಪದ್ಧತಿಯಿತ್ತು. ಬೆಳಿಗ್ಗೆ ಎಲ್ಲರೂ ಇಳಿಯುವ ಮುಂಚೆ ಕೂಲಿಯವರ ಲೈನ್ ಮನೆಗಳಿಂದ ಒಬ್ಬರು ಒಂಟಿಯಾಗಿ ಒಳಗೆ ಹೋಗಿ ಕೂಗು ಹಾಕಬೇಕು. ಆನೆಯಿದ್ದರೆ ಗಿಡ ಅಲ್ಲಾಡುತ್ತದೆ. ಇಲ್ಲದಿದ್ದರೆ ಉಳಿದವರು ಹಿಂದೆ ಬರುತ್ತಾರೆ. ದಿನಕ್ಕೊಬ್ಬರ ಪಾಳಿ. ಈ ಸಲದ ಕುಯ್ಲಿನಲ್ಲಿ ಚಿನ್ನಮ್ಮನ ಪಾಳಿಯ ದಿನ ಗಿಡ ಅಲ್ಲಾಡಲಿಲ್ಲ. ಆನೆ ಸುಮ್ಮನೆ ನಿಂತಿತ್ತು.

ಚಿನ್ನಮ್ಮನ ಹೆಣವನ್ನು ರಸ್ತೆಯಲ್ಲಿಟ್ಟು ಊರಿಗೆ ಊರೇ ಕೂತಿತು. ಎಲ್ಲರ ಹೆಗಲಿಗೂ ಹಸಿರು ಶಾಲು ಬಂತು. ಬೆಳೆಗಾರರು, ಕೂಲಿಯವರು ಒಟ್ಟಾಗಿ ಆನೆ ಹಿಡಿಯಿರಿ ಎಂದು ಕೂಗಿದರು. ನಟರಾಜ್ ಮೈಕ್ ಹಿಡಿದು, "ಚಿನ್ನಮ್ಮ ನಮ್ಮನೆ ಹೆಣ್ಮಗಳು. ಆನೆ ಮುಂದೆ ಓನರು, ಆಳು ಅಂತ ಭೇದ ಇಲ್ಲ. ನಾವೆಲ್ಲ ಒಂದೇ" ಎಂದರು. ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಆ ದುಃಖ ನಿಜವೇ ಇರಬಹುದು, ಗಂಗಾಮಣಿ ಅದನ್ನೂ ಓರೆಗಣ್ಣಿನಲ್ಲೇ ನೋಡಿದಳು.

ಶಾಲು ಕೊಡವಿ ಎದ್ದು ನಿಂತಳು. "ಹಂಗಾರೆ ಕೂಗೋ ಪಾಳಿಗೆ ನಿಮ್ಮನ್ನೂ ಸೇರಿಸ್ಕತೀವಿ ಕಣ್ರೀ."

ಅದೂ ಘೋಷಣೆಯೆಂದೇ ತಿಳಿದು ಜನ ಚಪ್ಪಾಳೆ ತಟ್ಟಿದರು. ಅಷ್ಟು ಜನರೆದುರು ನಟರಾಜ್ ಇನ್ನೇನು ಮಾಡಿಯಾರು, ಒಪ್ಪಿದರು.

ಅವರ ಪಾಳಿಯ ಬೆಳಿಗ್ಗೆ ಹೆಂಗಸರು ಬುಟ್ಟಿ ಹಿಡಿದು ಗೇಟಿನಲ್ಲಿ ಕಾದರು. ಜೀಪು ಬಂತು. ನಟರಾಜ್ ಇಳಿಯಲಿಲ್ಲ. ಕೂತಲ್ಲಿಂದಲೇ ಡ್ರೈವರ್ ಗುರುವಿನ ಕೈಲಿ ಹಾರ್ನ್ ಹೊಡೆಸಿದರು. "ಏನೂ ಇಲ್ಲ, ನಡೀರಿ. ಹಣ್ಣು ಉದುರ್ತಾ ಐತೆ."

"ಹಾರ್ನ್ ಸಾಕು ಅನ್ನೋದಾದ್ರೆ ಚಿನ್ನಮ್ಮನ್ನ ಯಾಕೆ ಕಳ್ಸುದ್ರಿ?" ಎಂದಳು ಗಂಗಾಮಣಿ.

ನಟರಾಜ್ ಮುಖ ಬಿಗಿಯಿತು. "ನಮ್ಮ ಹೋರಾಟ ಆನೆ ಮೇಲೆ ಕಣಮ್ಮ. ನಮ್ಮನಮ್ಮಲ್ಲೇ ಒಡಕು ತರಬ್ಯಾಡ."

ಗಂಗಾಮಣಿ ಬುಟ್ಟಿ ಬೋರಲು ಹಾಕಿ ಗೇಟಿಗೆ ಅಡ್ಡ ಕೂತಳು. ಹಿಂದೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. ನಟರಾಜ್ ಮೇಲೆ ಅವಳಿಗೆ ಅರ್ಧ ಸಂಶಯ, ಈ ಹೆಂಗಸರ ಮೇಲೆ ಪೂರ್ತಿ. ಇವರು ತನ್ನನ್ನು ದಾಟಿ ಒಳಗೆ ಹೋದರೆ ನಾಳೆಯಿಂದ ಮತ್ತೆ ಅದೇ ಪಾಳಿ. ಹೆಜ್ಜೆ ಸಪ್ಪಳ ಕೇಳಿತು. ಗುರುವಿನ ಹೆಂಡತಿ ನೇತ್ರಾವತಿ. ಮುಗೀತು, ಇವಳೇ ಮೊದಲು ಹೋಗುವವಳು ಎಂದುಕೊಂಡಳು.

"ಒಸಿ ಸರ್ಕೊಳೆ" ಎಂದು ನೇತ್ರಾವತಿ ಪಕ್ಕದಲ್ಲಿ ಬುಟ್ಟಿ ಬೋರಲು ಹಾಕಿದಳು. ಹಿಂದೆ ಒಂದೊಂದಾಗಿ ಬುಟ್ಟಿಗಳು ನೆಲಕ್ಕೆ ಬಿದ್ದವು. ಗುರು ಯಾರನ್ನೂ ಕೇಳದೆ ಎಂಜಿನ್ ಆಫ್ ಮಾಡಿದ.

ನಟರಾಜ್ ಇಳಿಯುತ್ತಾರೋ ಇಲ್ಲವೋ ಎಂದು ಎಲ್ಲರೂ ಜೀಪಿನ ಬಾಗಿಲನ್ನೇ ನೋಡುತ್ತಿದ್ದರು. ಗಂಗಾಮಣಿ ಅತ್ತ ನೋಡಲಿಲ್ಲ. ಎಲ್ಲಿ ಎದ್ದುಬಿಡುತ್ತಾಳೋ ಎಂದು ನೇತ್ರಾವತಿಯ ಸೆರಗನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು.