ಕೆಳಮನೆಯಿಂದ ಬಂದ ಉಳಿದರ್ಧ ವಾಕ್ಯ

೨೦೦೩ನೆಯ ಇಸವಿ, ಮೇ ಹದಿನಾಲ್ಕು, ಬುಧವಾರ, ಮಧ್ಯಾಹ್ನ ಮೂರು ಗಂಟೆ ಐದು ನಿಮಿಷ. ಜರ್ಮನಿಯ ಉಂಟರ್‌ಫ್ಯೋರಿಂಗ್ ಎಂಬ ಊರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ನಾನು ಮತ್ತು ನನ್ನ ಮೊಮ್ಮಗಳು ಇದ್ದೆವು. ನಮ್ಮ ಕೆಳಗಿನ ಮನೆಯ ಹಿರಿಯಾಕೆ ತನ್ನ ಅಂಗಳದಲ್ಲಿ ಹೂವಿನ ಕುಂಡಗಳಿಗೆ ಮಣ್ಣು ತುಂಬುತ್ತಿದ್ದಳು. ಮಗಳು ಆಫೀಸಿನಲ್ಲಿದ್ದಳು.

ಮೂರು ಗಂಟೆ ಕಳೆಯುವವರೆಗೆ ನಾವು ಕಾದಿದ್ದೆವು. ಆ ಕಟ್ಟಡದಲ್ಲಿ ಒಂದರಿಂದ ಮೂರರವರೆಗೆ ಯಾರೂ ಸದ್ದು ಮಾಡುವಂತಿಲ್ಲ. ಬಂದ ಮೊದಲ ವಾರ ಇದು ತಿಳಿಯದೆ ನಾನು ಎರಡು ಗಂಟೆಗೆ ತೆಂಗಿನಕಾಯಿ ಒಡೆದಿದ್ದೆ. ಕೆಳಮನೆಯಾಕೆ ಮೇಲೆ ಬಂದು ತನ್ನ ಕೈಗಡಿಯಾರ ತೋರಿಸಿದಳು. ನಾನು ನನ್ನದನ್ನು ನೋಡಿದೆ. ಅದು ನಾಲ್ಕು ನಿಮಿಷ ಹಿಂದಿತ್ತು. ಬಾಗಿಲಲ್ಲೇ ನಿಂತು ಅವಳ ಗಡಿಯಾರಕ್ಕೆ ಸರಿಹೊಂದಿಸಿಕೊಂಡೆ. ಅವಳು ನಕ್ಕಳು. ಅಂದಿನಿಂದ ನಾವು ಸ್ನೇಹಿತೆಯರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಮೊಮ್ಮಗಳೇ ದುಭಾಷಿ.

ಮಗಳು ಜರ್ಮನ್ ಸರಕಾರದ ಗ್ರೀನ್ ಕಾರ್ಡ್ ಯೋಜನೆಯಲ್ಲಿ ಕಂಪ್ಯೂಟರ್ ಎಂಜಿನಿಯರಾಗಿ ಅಲ್ಲಿಗೆ ಹೋಗಿ ಎರಡು ವರ್ಷವಾಗಿತ್ತು. ಅಳಿಯನ ಕೆಲಸ ಕಲೋನಿನಲ್ಲಿ. ಶುಕ್ರವಾರ ಬಂದು ಭಾನುವಾರ ಹೋಗುತ್ತಿದ್ದ. ಮನೆಗೊಂದು ಶಿಸ್ತು ಬೇಕೆಂದು ಮಗಳು ನನ್ನನ್ನು ಮೂರು ತಿಂಗಳಿಗೆ ಕರೆಸಿಕೊಂಡಿದ್ದಳು. ನಾನು ಮಂಗಳೂರಿನಲ್ಲಿ ಮಿಶನ್ ಬೋರ್ಡಿಂಗಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವಳು. ಆಮೇಲೆ ಮೂವತ್ತಮೂರು ವರ್ಷ ಅಂಥದೇ ಒಂದು ಶಾಲೆಯಲ್ಲಿ ಚರಿತ್ರೆ ಕಲಿಸಿ, ಕೊನೆಗೆ ಆ ಗಂಟೆಯನ್ನು ಹೊಡೆಸುವ ಮುಖ್ಯೋಪಾಧ್ಯಾಯಿನಿಯೂ ಆದೆ.

ಮೊಮ್ಮಗಳಿಗೆ ಹದಿಮೂರು ವರ್ಷ. ಅಲ್ಲಿನ ಶಾಲೆಯಲ್ಲಿ ಒಂದು ಎಂದರೆ ಅತ್ಯುತ್ತಮ, ಐದು ಎಂದರೆ ನಪಾಸು. ಜರ್ಮನ್ ಭಾಷೆಯಲ್ಲಿ ಅವಳಿಗೆ ಆಗಲೇ ಐದು ಬಂದಿತ್ತು. ಚರಿತ್ರೆಯಲ್ಲೂ ಐದಾದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕು. ಉಳಿದಿದ್ದ ಅವಕಾಶ ಒಂದೇ: ಗುರುವಾರ ಎರಡನೆಯ ಪೀರಿಯಡಿನಲ್ಲಿ ಒಂದು ರೆಫೆರಾಟ್. ಅಂದರೆ ತರಗತಿಯ ಮುಂದೆ ನಿಂತು ಹತ್ತು ನಿಮಿಷ ಮಾತಾಡುವುದು. ತಡವಾಗಿ ಒಂದುಗೂಡಿದ ಜರ್ಮನಿ ನೌಕಾಪಡೆ ಕಟ್ಟಿ, ಸಮುದ್ರದಾಚೆ ವಸಾಹತುಗಳನ್ನು ಹಿಡಿದು, ಕೊನೆಗೆ ಮೊದಲ ಮಹಾಯುದ್ಧಕ್ಕೆ ಹೇಗೆ ಹೋಗಿ ನಿಂತಿತು ಎಂಬುದು ವಿಷಯ.

"ಫೇಲಾದ್ರೆ ನಾನು ನಿಮ್ಮೊಟ್ಟಿಗೆ ಮಂಗಳೂರಿಗೆ ಬರ್ತೇನೆ ಅಜ್ಜಿ. ಸಣ್ಣ ಮಕ್ಕಳ ಜೊತೆ ನಾನು ಕೂರುದಿಲ್ಲ" ಎಂದಿದ್ದಳು. ಎರಡು ವರ್ಷಕ್ಕೆ ಅವಳಿಗೆ ಸಿಕ್ಕಿದ್ದು ಒಬ್ಬಳೇ ಗೆಳತಿ. ಆ ಹುಡುಗಿ ತರಗತಿಯಲ್ಲಿ ಇವಳ ಬೆಂಚಿನವಳು; ಇವಳು ಫೇಲಾದರೆ ಆ ಜೊತೆಯೂ ತಪ್ಪುತ್ತಿತ್ತು.

ಚರಿತ್ರೆ ತಾನೇ, ನನ್ನದೇ ವಿಷಯ ಎಂದುಕೊಂಡೆ. ಆದರೆ ಅವಳ ಶಾಲೆಯ ಪುಸ್ತಕ ನನಗೆ ಹಿಡಿಸಲಿಲ್ಲ. ತುಂಬ ಚಿತ್ರ, ವ್ಯಂಗ್ಯಚಿತ್ರ, ಪುಟದ ಕೊನೆಗೆ ಪ್ರಶ್ನೆಗಳು. ಉತ್ತರ ಮಾತ್ರ ಎಲ್ಲೂ ಇಲ್ಲ. "ಇದೆಂತ ಪುಸ್ತಕ ಮಾರಾಯ್ತಿ, ಇವರಿಗೇ ಗೊತ್ತಿಲ್ವಾ?" ಎಂದು ಮುಚ್ಚಿಟ್ಟೆ. ಆ ಶನಿವಾರ ಬಯಲಿನ ಹಳೆ ಸಾಮಾನಿನ ಸಂತೆಯಲ್ಲಿ ಬಟ್ಟೆಯ ರಟ್ಟಿನ ಒಂದು ಶಾಲಾಪುಸ್ತಕ ಕಂಡಿತು. ಅಧ್ಯಾಯಗಳಿಗೆ ಅಂಕಿ, ಅಂಚಿನಲ್ಲಿ ಇಸವಿ, ಕೊನೆಯಲ್ಲಿ ಸಾರಾಂಶ. ಅಚ್ಚು ಹಳೆಯ ಕಾಲದ ಮುಳ್ಳುಮುಳ್ಳಿನ ಅಕ್ಷರ. ಅಂಥದೇ ಅಕ್ಷರದ ಒಂದು ಜರ್ಮನ್ ಕೀರ್ತನೆ ಪುಸ್ತಕ ನನ್ನ ಅಜ್ಜನ ಪೆಟ್ಟಿಗೆಯಲ್ಲಿತ್ತು. ಚಿಕ್ಕಂದಿನಲ್ಲಿ ಅಜ್ಜನ ತೊಡೆಯ ಮೇಲೆ ಕೂತು ಆ ಅಕ್ಷರಗಳನ್ನು ಆಟಕ್ಕೆ ಕಲಿತಿದ್ದೆ. ಅರ್ಥ ಒಂದೂ ತಿಳಿಯದು, ಕೂಡಿಸಿ ಓದಲು ಬರುತ್ತಿತ್ತು. ಪ್ರಾಯವಾದ ನೆಂಟರನ್ನು ಕಂಡಂತಾಗಿ ಕೊಂಡುಬಿಟ್ಟೆ.

ಮೂರು ದಿನ ನಾನು ಅಕ್ಷರ ಕೂಡಿಸಿ ಓದಿದೆ, ಅವಳು ಬರೆದುಕೊಂಡಳು. ಆಮೇಲೆ ಬಾಯಿಪಾಠ. ನಡುವೆ ಒಮ್ಮೆ ಅವಳು, "ಅಜ್ಜಿ, ಇದು ಸ್ವಲ್ಪ ಕೋಮಿಷ್, ವಿಚಿತ್ರ ಉಂಟು. ಹೀಗೆ ಇಲ್ಲಿ ಯಾರೂ ಮಾತಾಡುದಿಲ್ಲ" ಎಂದಳು.

"ಕೋಮಿಷೋ ಗೀಮಿಷೋ, ಪುಸ್ತಕ ಬರೆದವರಿಗೆ ನಿನಗಿಂತ ಹೆಚ್ಚು ಗೊತ್ತುಂಟು. ಬೆನ್ನು ನೆಟ್ಟಗೆ ಮಾಡು."

ಬುಧವಾರ ಮೂರೂ ಐದಕ್ಕೆ ಅವಳು ಬಾಲ್ಕನಿಯಲ್ಲಿ ಕೈಕಟ್ಟಿ ನಿಂತು ಶುರುಮಾಡಿದಳು. ನಾನು ಪುಸ್ತಕದ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ಹಿಡಿದು ಹೋದೆ. ಆರನೆಯ ನಿಮಿಷದಲ್ಲಿ ಒಂದು ವಾಕ್ಯದ ನಡುವೆ ತಡೆದಳು. ಕಣ್ಣು ಮುಚ್ಚಿದಳು, ಬರಲಿಲ್ಲ. ಆಗ ಕೆಳಗಿನಿಂದ, ಕುಂಡಗಳ ಬಳಿಯಿಂದ, ಉಳಿದರ್ಧ ವಾಕ್ಯ ಕೇಳಿಸಿತು. ಅದೇ ಏರು, ಅದೇ ಇಳಿ. ನನ್ನ ಬೆರಳು ಒಂದಕ್ಷರವೂ ತಪ್ಪಲಿಲ್ಲ.

"ನೋಡಿದಿಯಾ! ಕಲಿಯುವುದೆಂದರೆ ಹಾಗೆ. ಎಂಬತ್ತು ಹತ್ತಿರವಾದರೂ ನೆನಪುಂಟು!" ಎಂದು ನಾನು ಚಪ್ಪಾಳೆ ತಟ್ಟಿದೆ.

ಕೆಳಮನೆಯಾಕೆ ಮಣ್ಣಿನ ಕೈಯಲ್ಲೇ ಮೆಟ್ಟಿಲು ಹತ್ತಿ ಬಂದಳು. ಅಂಥ ಕೈಯಲ್ಲಿ ಅವಳು ಯಾರ ಮನೆಗೂ ಹೋಗುವವಳಲ್ಲ. ಪುಸ್ತಕ ಕೇಳಿದಳು. ಮೊದಲ ಪುಟ ನೋಡಿ ಕುರ್ಚಿಯಲ್ಲಿ ಕೂತಳು. ಅವಳು ಹೇಳಿದ್ದನ್ನು ಮೊಮ್ಮಗಳು ತುಂಡುತುಂಡಾಗಿ ಕನ್ನಡಕ್ಕೆ ತಂದಳು.

"ಇದು ಅವರು ಸಣ್ಣವರಿರುವಾಗ ಶಾಲೆಯಲ್ಲಿ ಇದ್ದ ಪುಸ್ತಕ ಅಂತೆ. ಎರಡನೆಯ ಮಹಾಯುದ್ಧ ಮಾಡಿಸಿದ ಆ ಕೆಟ್ಟ ಸರಕಾರದ ಕಾಲದ್ದು. ಜಗತ್ತೆಲ್ಲ ನಮ್ಮ ಮೇಲೆ ಹೊಟ್ಟೆಕಿಚ್ಚು ಪಟ್ಟು ಸುತ್ತ ಕಟ್ಟಿ ಹಾಕಿತು, ನಮ್ಮದು ಎಂತದೂ ತಪ್ಪಿಲ್ಲ ಅಂತ ಇದರಲ್ಲಿ ಉಂಟಂತೆ. ಅವರ ಅಣ್ಣನೂ ಇದನ್ನೇ ಬಾಯಿಪಾಠ ಮಾಡಿದ್ದು. ಮತ್ತೆ ಆ ಯುದ್ಧಕ್ಕೆ ಹೋದವ ತಿರುಗಿ ಬರ್ಲಿಲ್ಲ." ಆಮೇಲೆ ಹುಡುಗಿಯ ದನಿ ಸಣ್ಣಗಾಯಿತು. "ಅಜ್ಜಿ, ನಾಳೆ ನಾನು ಇದನ್ನು ಹೇಳಿದ್ರೆ ಟೀಚರ್ ಮಾರ್ಕು ಕೊಡುದಿಲ್ಲ, ಅಮ್ಮನನ್ನು ಕರೆಸ್ತಾರಂತೆ."

ನಾನು ಮಕ್ಕಳ ತಪ್ಪು ತಿದ್ದಿದವಳು. ನನ್ನ ತಪ್ಪನ್ನು ಇಷ್ಟು ಮೆಲ್ಲಗೆ ಯಾರೂ ತಿದ್ದಿರಲಿಲ್ಲ. ಗಡಿಯಾರ ನೋಡಿದೆ: ಮೂರೂವರೆ. ಮಲಗುವ ಹೊತ್ತಿಗೆ ಇನ್ನೂ ಐದು ತಾಸು ಇತ್ತು. ಕಾಫಿ ಮಾಡಿ, ಮುಚ್ಚಿಟ್ಟಿದ್ದ ಶಾಲೆಯ ಪುಸ್ತಕ ತೆಗೆದೆ.

ಮೂರು ತಲೆ ಒಂದು ಮೇಜಿನ ಮೇಲೆ ಬಾಗಿದವು. ಹಳೆಯ ಪುಸ್ತಕದಲ್ಲಿ ಆಫ್ರಿಕಾದ ವಸಾಹತಿನ ದಂಗೆ ಅಡಗಿಸಿದ್ದಕ್ಕೆ ಒಂದೇ ಸಾಲು. ಹೊಸದರಲ್ಲಿ ಅದಕ್ಕೊಂದು ಛಾಯಾಚಿತ್ರ: ಕೊರಳಿಗೆ ಸರಪಳಿ ಬಿಗಿದ, ಎಲುಬು ಕಾಣುವ ಮನುಷ್ಯರು. ಚಿತ್ರ ಹೆಚ್ಚಾಯಿತೆಂದು ನಾನು ಮುಚ್ಚಿದ್ದು ಇದೇ ಪುಸ್ತಕವನ್ನು. ಕೆಳಗಿದ್ದ ಪ್ರಶ್ನೆಯನ್ನು ಮೊಮ್ಮಗಳು ಓದಿದಳು: "ಈ ದಾರಿ ಎಲ್ಲಿಯವರೆಗೆ ತಲಪಿತು? ನಿನ್ನ ಮಾತಿನಲ್ಲಿ ಹೇಳು." ಪೆನ್ಸಿಲು ಕೆಳಗಿಟ್ಟು, "ನನ್ನ ಮಾತು ಅಂದ್ರೆ ಎಂತ ಹೇಳುದು? ನಾನು ಇಲ್ಲಿಯವಳೇ ಅಲ್ಲ" ಎಂದಳು.

ಆಗ ಅಜ್ಜನ ಸಂಗತಿ ಹೇಳಿದೆ. ಅಜ್ಜ ಮಂಗಳೂರಿನಲ್ಲಿ ಮಿಶನಿನ ಹೆಂಚಿನ ಕಾರ್ಖಾನೆಯ ಭಟ್ಟಿಯಲ್ಲಿದ್ದರು. ಮೇಲ್ವಿಚಾರಕ ಜರ್ಮನಿಯವನು, ಆರು ಗಂಟೆಯ ಗಂಟೆಯನ್ನು ತಾನೇ ಬಾರಿಸುತ್ತಿದ್ದ, ಸಂಜೆ ಕೆಲಸದವರಿಗೆ ಹಾಡು ಕಲಿಸುತ್ತಿದ್ದ. ಯುರೋಪಿನಲ್ಲಿ ಆ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷರು ಅವನನ್ನು ಶತ್ರುವೆಂದು ಹಿಡಿದುಕೊಂಡು ಹೋದರು. ಹೊರಡುವಾಗ ಕೀರ್ತನೆ ಪುಸ್ತಕವನ್ನು ಅಜ್ಜನ ಕೈಗೆ ಕೊಟ್ಟು, ಬಂದ ಮೇಲೆ ತೆಗೆದುಕೊಳ್ಳುತ್ತೇನೆ ಎಂದನಂತೆ. ಬರಲಿಲ್ಲ. ಮರುದಿನ ಆರಕ್ಕೆ ಗಂಟೆ ಬಾರಿಸುವವರಿಲ್ಲದೆ ಜನ ಗೇಟಿನ ಹೊರಗೆ ನಿಂತೇ ಇದ್ದರಂತೆ. ಅಷ್ಟು ದೂರದ ಜಗಳಕ್ಕೆ ನಮ್ಮ ಭಟ್ಟಿ ಯಾಕೆ ಆರಬೇಕು ಎಂದು ಅಜ್ಜ ಸಾಯುವವರೆಗೂ ಕೇಳುತ್ತಿದ್ದರು.

ಮೊಮ್ಮಗಳು ಅದನ್ನು ಜರ್ಮನ್ ಭಾಷೆಗೆ ತಿರುಗಿಸಿದಳು. ಕೆಳಮನೆಯಾಕೆ ಮೇಜು ತಟ್ಟಿ, "ಗೆನಾವ್!" ಎಂದಳು. ಅದೇ, ಸರಿಯಾಗಿ ಅದೇ ಎಂದು ಅರ್ಥ.

"ಇದನ್ನು ಹೇಳ್ಬಹುದಾ ಅಜ್ಜಿ? ಇದು ಪುಸ್ತಕದಲ್ಲಿ ಇಲ್ಲ ಅಲ್ವಾ?"

ಮೂವತ್ತಮೂರು ವರ್ಷ ನಾನು ಮೊದಲ ಮಹಾಯುದ್ಧದ ಕಾರಣಗಳನ್ನು ಹತ್ತು ಅಂಕಕ್ಕೆ ಬರೆಸಿದ್ದೆ. ಒಂದು ತರಗತಿಗೂ ಅಜ್ಜನ ಸಂಗತಿ ಹೇಳಿರಲಿಲ್ಲ, ಪುಸ್ತಕದಲ್ಲಿ ಇಲ್ಲವೆಂದು.

"ಹೇಳು. ಚೆಂದ ಮಾಡಿ ಹೇಳು" ಎಂದೆ.

ಹಡಗು, ವಸಾಹತು, ಸರಪಳಿ, ಯುದ್ಧ, ಭಟ್ಟಿ: ಐದು ಚೀಟಿಗಳಲ್ಲಿ ಒಂದೊಂದೇ ಪದ. ವಾಕ್ಯ ಬರೆಯಲು ಕೆಳಮನೆಯಾಕೆ ಬಿಡಲಿಲ್ಲ. "ನಿನ್ನ ಅಜ್ಜಿಗೆ ಹೇಳು, ನನ್ನ ಹಳೇ ಟೀಚರಿನ ಹಾಗೆ ಅಕ್ಷರದ ಮೇಲೆ ಬೆರಳು ಇಡ್ಬೇಡ ಅಂತ" ಎಂದು ನನ್ನ ಕೈಯನ್ನು ಮೇಜಿನಿಂದ ಇಳಿಸಿದಳು. ಏಳಕ್ಕೆ ಮಗಳು ಬಂದಳು. ಬಾಗಿಲಲ್ಲೇ, "ಇಲ್ಲಿ ಎಂತ ನಡೀತಾ ಉಂಟು? ಅಡುಗೆ?" ಎಂದಳು.

"ಕೂತ್ಕೊ. ಅಡುಗೆ ಆಮೇಲೆ" ಎಂದೆ. ನನ್ನ ಬಾಯಲ್ಲಿ ಆ ಮಾತು ಅವಳು ಮೊದಲ ಸಲ ಕೇಳಿದ್ದು.

ಮೊಮ್ಮಗಳು ನಿಂತು ಮಾತಾಡಿದಳು. ನಾಲ್ಕನೆಯ ಚೀಟಿಯಲ್ಲಿ ತಡೆದಳು. ಕೆಳಮನೆಯಾಕೆಯ ತುಟಿ ಅಲುಗಿತು. ನಾನು ಅವಳ ಮೊಣಕೈ ಹಿಡಿದೆ. ನಾವು ಕಾದೆವು. ಹುಡುಗಿ ಕಿಟಕಿಯ ಕಡೆ ನೋಡಿ, ಒಂದು ಮಾತು ಹುಡುಕಿ, ಮುಂದೆ ಹೋದಳು. ಮರುದಿನ ಅವಳಿಗೆ ಎರಡು ಬಂತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಓದುವವರನ್ನು ಕಾಯಿಸುವುದು ನನ್ನ ರೂಢಿಯಲ್ಲ.

ಹಳೆಯ ಪುಸ್ತಕವನ್ನೂ ತರಗತಿಗೆ ಒಯ್ದು ತೋರಿಸುತ್ತೇನೆ ಎಂದಳು. ಆ ಸರಕಾರದ ಕಾಲದ ರಟ್ಟು ಬಸ್ಸಿನಲ್ಲಿ ಜನರಿಗೆ ಕಾಣುವುದು ಬೇಡವೆಂದು ಕೆಳಮನೆಯಾಕೆ ಕಂದು ಕಾಗದ ತಂದುಕೊಟ್ಟು ಹೋದಳು. ಪ್ರತಿ ಜೂನ್‌ನಲ್ಲಿ ಮಕ್ಕಳಿಗೆ ಹಾಕಿಸುತ್ತಿದ್ದ ಹಾಗೆ ಮೂಲೆ ಮಡಚಿ ಹೊದಿಕೆ ಹಾಕಿದೆ. ಚೀಟಿ ಅಂಟಿಸಿ ಕನ್ನಡದಲ್ಲಿ ಬರೆದೆ: "ತೋರಿಸುವುದಕ್ಕೆ ಮಾತ್ರ. ಬಾಯಿಪಾಠಕ್ಕಲ್ಲ." ಎಂಟೂಕಾಲಿಗೆ ಅಂಟು ಒಣಗಿತು. ಪುಸ್ತಕವನ್ನು ಅವಳ ಚೀಲದಲ್ಲಿಟ್ಟು ಜಿಪ್ ಎಳೆದೆ.